ಆಂಜಿಯೋಗ್ರಾಂ ಸರಿಯಿದೆ, ಎದೆ ಮಾತ್ರ ಹಿಡಿಯುತ್ತದೆ: ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ದೂರು ಏನು

ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ. ನಿಂತರೆ ಕೆಲವು ಸಲ ಐದು ನಿಮಿಷದಲ್ಲಿ ಹೋಗುತ್ತದೆ, ಕೆಲವು ಸಲ ಜಾಸ್ತಿ ಹೊತ್ತು ಹಾಗೇ ಕೂತುಬಿಡುತ್ತದೆ. ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಏನೂ ಇಲ್ಲ. ಆಂಜಿಯೋಗ್ರಾಂ ಮಾಡಿದರೆ ದೊಡ್ಡ ಬ್ಲಾಕ್ ಇಲ್ಲ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೋ ‘ಅಲ್ಪಸ್ವಲ್ಪ ಕೊಬ್ಬು’ ಎಂದೋ ಬರೆದಿರುತ್ತದೆ. ಹೃದಯ ಚೆನ್ನಾಗಿದೆ, ಗ್ಯಾಸ್ ಇರಬಹುದು, ಟೆನ್ಷನ್ ಇರಬಹುದು ಎಂದು ಹೇಳಿ ಕಳಿಸುತ್ತಾರೆ. ನೋವು ಮಾತ್ರ ಹಾಗೇ ಉಳಿಯುತ್ತದೆ.

ಇಂಥವರು ಅಲ್ಲೊಬ್ಬರು ಇಲ್ಲೊಬ್ಬರಲ್ಲ. ಎದೆನೋವೆಂದು ಆಂಜಿಯೋಗ್ರಾಂ ಮಾಡಿಸಿಕೊಳ್ಳುವವರಲ್ಲಿ ಅರ್ಧದಷ್ಟು ಜನರವರೆಗೂ ರಕ್ತ ತಡೆಯುವಂಥ ಬ್ಲಾಕ್ ಸಿಗುವುದಿಲ್ಲ. ಅವರಲ್ಲಿ ಹೆಂಗಸರೇ ಹೆಚ್ಚು. ‘ಬ್ಲಾಕ್ ಇಲ್ಲ’ ಎನ್ನುವುದು ಪೈಪಿನ ಒಳಗಿನ ಜಾಗದ ಮಾತು. ನಾಳ ಕೆಲಸ ಮಾಡುತ್ತಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಎರಡನೆಯ ಪ್ರಶ್ನೆಯನ್ನು ಕೇಳದೆ ಹುಡುಕಾಟ ಮುಗಿಸಬಾರದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು

ನೋವು ಈಗಲೇ ಇದ್ದರೆ, ಕೂತಿದ್ದರೂ ಹದಿನೈದು ನಿಮಿಷಕ್ಕಿಂತ ಜಾಸ್ತಿ ಇದ್ದರೆ, ಬೆವರು, ಉಸಿರು ಕಟ್ಟುವಿಕೆ, ತೋಳಿಗೋ ದವಡೆಗೋ ಎಳೆತ ಜೊತೆಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆಂಬುಲೆನ್ಸ್ ಕರೆಯಿರಿ. ಇಸಿಜಿ ಮತ್ತು ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಬರುವ ಪ್ರೋಟೀನು) ಪರೀಕ್ಷೆ ಆಗಲೇಬೇಕು. ಹಿಂದಿನ ಆಂಜಿಯೋಗ್ರಾಂ ಚೆನ್ನಾಗಿತ್ತು ಎಂಬ ಧೈರ್ಯದಲ್ಲಿ ಕಾಯಬೇಡಿ. ದೊಡ್ಡ ಬ್ಲಾಕ್ ಇಲ್ಲದೆಯೂ ಹೃದಯಾಘಾತ ಆಗುತ್ತದೆ.

ಕೆಳಗಿನದೆಲ್ಲ ಅವಸರ ಇಲ್ಲದ ಹೊತ್ತಿನಲ್ಲಿ, ವೈದ್ಯರ ಜೊತೆ ಕೂತು ಮಾಡುವ ಹುಡುಕಾಟ.

ಸರಿಯಾಗಿರುವ ನಾಳ ಏನು ಮಾಡುತ್ತದೆ

ಕೆಟ್ಟದ್ದನ್ನು ಹುಡುಕುವ ಮೊದಲು ಸರಿಯಿದ್ದದ್ದು ಹೇಗಿರುತ್ತದೆ ಎಂದು ಗೊತ್ತಿರಬೇಕು, ಅಲ್ವಾ?

ಉಳಿದ ಅಂಗಗಳು ಒಟ್ಟಾರೆ ನೋಡಿದರೆ ತಮಗೆ ಬಂದ ರಕ್ತದಿಂದ ಕಾಲು ಭಾಗದಷ್ಟು ಆಮ್ಲಜನಕ ತೆಗೆದುಕೊಂಡು ಮಿಕ್ಕಿದ್ದನ್ನು ಬಿಡುತ್ತವೆ. ಬೇಕೆಂದಾಗ ಇನ್ನಷ್ಟು ಹೀರಿಕೊಳ್ಳಬಹುದು. ಹೃದಯದ ಸ್ನಾಯು ಹಾಗಲ್ಲ. ಅದು ಸುಮ್ಮನಿದ್ದಾಗಲೇ ನೂರಕ್ಕೆ 70ರಿಂದ 80ರಷ್ಟು ಹೀರಿಬಿಡುತ್ತದೆ. ಕೈಯಲ್ಲಿ ಉಳಿತಾಯವೇ ಇಲ್ಲ. ಕೆಲಸ ಹೆಚ್ಚಾದರೆ ಅದಕ್ಕಿರುವುದು ಒಂದೇ ದಾರಿ: ಹೆಚ್ಚು ರಕ್ತ. ಸುಮ್ಮನಿದ್ದಾಗ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಹರಿಯುವ ಕಡೆ ಓಡುವಾಗ ಅದರ ಮೂರು ನಾಲ್ಕು ಪಟ್ಟು ಹರಿಯಬೇಕು. ಅದಕ್ಕೆ ನಾಳಗಳು ಹಿಗ್ಗಬೇಕು.

ಹಿಗ್ಗು ಎಂದು ಹೇಳುವುದು ನಾಳದ ಒಳಪದರ. ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನ ಪೊರೆ ಅದು, ಎಂಡೋಥೀಲಿಯಂ. ರಕ್ತ ಜೋರಾಗಿ ಉಜ್ಜಿಕೊಂಡು ಹೋದದ್ದು ಅದಕ್ಕೆ ತಿಳಿಯುತ್ತದೆ. ಆಗ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಆ ಅನಿಲ ಪಕ್ಕದ ಸ್ನಾಯುವಿನೊಳಗೆ ಇಳಿದು ಅದನ್ನು ಸಡಿಲಿಸುತ್ತದೆ, ಕೆಲವೇ ಕ್ಷಣಗಳಲ್ಲಿ ಇಲ್ಲವಾಗುತ್ತದೆ. ಅಂದರೆ ಒಳಪದರ ಇದನ್ನು ಪ್ರತಿ ಕ್ಷಣವೂ ಹೊಸದಾಗಿ ತಯಾರಿಸುತ್ತಲೇ ಇರಬೇಕು.

ಒಳಪದರಕ್ಕೆ ಇಂಥದ್ದೊಂದು ಕೆಲಸ ಇದೆ ಎಂದು ಗೊತ್ತಾದದ್ದೂ ಒಂದು ದೋಷ ಹುಡುಕಾಟದಿಂದಲೇ. ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗಾಲಯದಲ್ಲಿ ಮೊಲದ ಮಹಾಧಮನಿಯ ತುಂಡುಗಳಿಗೆ ಅಸೆಟೈಲ್‌ಕೋಲೀನ್ ಎಂಬ ರಾಸಾಯನಿಕ (ನರಗಳು ಸಂದೇಶ ಕಳಿಸಲು ಬಳಸುವಂಥದ್ದು) ಹಾಕಿದರೆ ಅವು ಬಿಗಿಯುತ್ತಿದ್ದವು. ಬೇರೆ ರೀತಿ ಕತ್ತರಿಸಿದ ತುಂಡುಗಳು ಮಾತ್ರ ಸಡಿಲವಾದವು. ಔಷಧ ಅದೇ, ಪ್ರಾಣಿ ಅದೇ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಪಟ್ಟಿಗಳನ್ನು ಸಿದ್ಧಮಾಡುವಾಗ ಒಳಮೈ ಉಜ್ಜಿಹೋಗಿ ಒಳಪದರ ಕಿತ್ತುಬರುತ್ತಿತ್ತು. ಪದರ ಉಳಿದ ತುಂಡು ಸಡಿಲವಾಗುತ್ತಿತ್ತು, ಕಿತ್ತುಹೋದದ್ದು ಬಿಗಿಯುತ್ತಿತ್ತು. ಇದು ಪ್ರಕಟವಾದದ್ದು 1980ರಲ್ಲಿ. ಆ ಪದರ ಬಿಡುಗಡೆ ಮಾಡುವುದು ನೈಟ್ರಿಕ್ ಆಕ್ಸೈಡ್ ಎಂದು ಆಮೇಲೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು.

ಇನ್ನೊಂದು ಲೆಕ್ಕ. ನಾಳದಲ್ಲಿ ಹರಿವು ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು ತ್ರಿಜ್ಯ ನೂರಕ್ಕೆ 10ರಷ್ಟು ಕುಗ್ಗಿದರೂ ಹರಿವಿನಲ್ಲಿ ಮೂರನೇ ಒಂದು ಭಾಗ ಹೋಗಿಬಿಡುತ್ತದೆ. ಆಂಜಿಯೋಗ್ರಾಂನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ.

ಕೊಬ್ಬು ಕಮಟಾಗುವ ಜಾಗ

ಈಗ ಮೂಲ ಕಾರಣಕ್ಕೆ ಬರೋಣ. ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ‘ಆಕ್ಸಿಡೀಕರಣಗೊಂಡ ಕೊಲೆಸ್ಟ್ರಾಲ್’ ಎಂದು ಜನ ಹೇಳುವಾಗ ಎರಡು ವಸ್ತುಗಳು ಬೆರೆತುಹೋಗುತ್ತವೆ. ಒಂದು, ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ಕಣ, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ, ಕೊಬ್ಬು ಪ್ರೋಟೀನು ಎಲ್ಲ ಸೇರಿದ ಇಡೀ ಗಾಡಿ. ಇನ್ನೊಂದು, ಆಕ್ಸಿಸ್ಟೆರಾಲ್, ಅಂದರೆ ಕೊಲೆಸ್ಟ್ರಾಲ್ ಅಣುವೇ ಬದಲಾದದ್ದು. 7-ಕೀಟೊಕೊಲೆಸ್ಟ್ರಾಲ್ ಇದಕ್ಕೆ ಉದಾಹರಣೆ. ಆಕ್ಸಿಸ್ಟೆರಾಲ್‌ಗಳೆಲ್ಲವೂ ವಿಷವಲ್ಲ. 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬುದನ್ನು ದೇಹ ಬೇಕೆಂದೇ ತಯಾರಿಸಿಕೊಳ್ಳುತ್ತದೆ. ಇಲ್ಲಿ ಹೆಚ್ಚಾಗಿ ಹೇಳುತ್ತಿರುವುದು ಎಲ್‌ಡಿಎಲ್ ಕಣದ ಕತೆ.

ಎಣ್ಣೆ ಹಳಸಿದರೆ ಕಮಟು ವಾಸನೆ ಬರುತ್ತದೆ. ಗಾಳಿಯ ಆಮ್ಲಜನಕ ಕೊಬ್ಬಿನ ಸರಪಣಿಗಳನ್ನು ತುಂಡರಿಸಿದಾಗ ಹಾಗಾಗುತ್ತದೆ, ಆಕ್ಸಿಡೀಕರಣ ಎನ್ನುವುದು ಇದನ್ನೇ. ನಾಳದ ಗೋಡೆಯೊಳಗೆ ಆಗುವುದೂ ಹೆಚ್ಚುಕಡಿಮೆ ಅದೇ.

ಹತ್ತಿರ ಹೋಗಿ ನೋಡಿ. ಎಲ್‌ಡಿಎಲ್ ಕಣದ ಅಗಲ ಸುಮಾರು 22 ನ್ಯಾನೋಮೀಟರ್. ಸುತ್ತ ಅಪೊಬಿ ಎಂಬ ಒಂದೇ ಒಂದು ದೊಡ್ಡ ಪ್ರೋಟೀನು ಸುತ್ತಿಕೊಂಡಿರುತ್ತದೆ. ರಕ್ತದಲ್ಲಿ ತೇಲುತ್ತಿರುವಷ್ಟು ಹೊತ್ತು ಅದಕ್ಕೆ ಕಾವಲಿದೆ, ಕಣದೊಳಗೇ ವಿಟಮಿನ್ ಇ ಇದೆ. ಅದು ಒಳಪದರ ದಾಟಿ ಗೋಡೆಯೊಳಗೆ ಹೋಗುವುದೂ ಮಾಮೂಲಿ. ಹೋದದ್ದು ವಾಪಸ್ ಬಂದರೆ ತೊಂದರೆಯಿಲ್ಲ. ಆದರೆ ಗೋಡೆಯಲ್ಲಿರುವ ಪ್ರೋಟಿಯೋಗ್ಲೈಕಾನ್ ಎಂಬ ಅಂಟು ನಾರುಗಳಿಗೆ ಅಪೊಬಿ ಸಿಕ್ಕಿಕೊಳ್ಳುತ್ತದೆ. ನಾಳ ಕವಲೊಡೆಯುವ ಕಡೆ, ರಕ್ತ ಸುಳಿ ಸುತ್ತುವ ಕಡೆ ಇದು ಜಾಸ್ತಿ. ಸಿಕ್ಕಿಬಿದ್ದ ಕಣ ಅಲ್ಲೇ ಕೊಳೆಯುತ್ತದೆ. ಲಿನೊಲಿಕ್ ಆಮ್ಲದಂಥ ಕೊಬ್ಬಿನ ಸರಪಣಿಗಳು ಮೊದಲು ಮುರಿಯುತ್ತವೆ, ಒಂದು ಮುರಿದರೆ ಪಕ್ಕದ್ದೂ ಹತ್ತಿಕೊಳ್ಳುತ್ತದೆ. ಮುರಿದ ಚೂರುಗಳಲ್ಲಿ ಮೆಲಾನ್‌ಡೈಆಲ್ಡಿಹೈಡ್‌ನಂಥವು ಇರುತ್ತವೆ. ಅವು ಅಪೊಬಿಗೆ ಮೆತ್ತಿಕೊಂಡು ಅದರ ಗುರುತನ್ನೇ ಬದಲಿಸಿಬಿಡುತ್ತವೆ.

ಗುರುತು ಬದಲಾದರೆ ಏನಾಗುತ್ತದೆ? ಸರಿಯಾದ ಎಲ್‌ಡಿಎಲ್ ಅನ್ನು ಜೀವಕೋಶಗಳು ಒಂದು ಗ್ರಾಹಕದ (ಕೋಶದ ಮೇಲಿದ್ದು ಕಣವನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಬಾಗಿಲಿದ್ದ ಹಾಗೆ) ಮೂಲಕ ಒಳಗೆ ತೆಗೆದುಕೊಳ್ಳುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಸಿಕ್ಕಿತು. ಆ ಬಾಗಿಲಿಗೆ ಒಂದು ಮರ್ಯಾದೆ ಇದೆ: ಹೊಟ್ಟೆ ತುಂಬಿದರೆ ಮುಚ್ಚಿಕೊಳ್ಳುತ್ತದೆ. ಕಮಟಾದ ಎಲ್‌ಡಿಎಲ್ ಆ ಬಾಗಿಲಿಗೆ ಹೊಂದುವುದಿಲ್ಲ. ಅದನ್ನು ಗುಡಿಸಲು ಬಂದ ಮ್ಯಾಕ್ರೋಫೇಜ್ ಕೋಶಗಳು ಬೇರೆ ಬಾಗಿಲಿನಿಂದ ಒಳಗೆ ಹಾಕಿಕೊಳ್ಳುತ್ತವೆ. ಆ ಬಾಗಿಲಿಗೆ ‘ಸಾಕು’ ಎನ್ನುವುದೇ ಗೊತ್ತಿಲ್ಲ. ತಿಂದೂ ತಿಂದೂ ಕೋಶ ಉಬ್ಬುತ್ತದೆ, ನೊರೆ ತುಂಬಿದ ಹಾಗೆ ಕಾಣುತ್ತದೆ. ನೊರೆಕೋಶ ಎಂದು ಹೆಸರು ಬಂದದ್ದು ಅದಕ್ಕೇ. ಬ್ಲಾಕ್‌ನ ಮೊದಲ ಗುರುತು ಇದು.

ಬ್ಲಾಕ್ ಬರುವ ಮೊದಲೇ ಕೆಲಸ ಕೆಡುವುದು ಹೇಗೆ

ಇದೇ ಈ ಬರಹದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಒಳಪದರದ ಮೇಲೆ ಲಾಕ್ಸ್-1 ಎಂಬ ಗ್ರಾಹಕ ಇದೆ. 1997ರಲ್ಲಿ ಜಪಾನಿನ ಸಂಶೋಧಕರು ಇದನ್ನು ಗುರುತಿಸಿದರು. ಕಮಟಾದ ಎಲ್‌ಡಿಎಲ್ ಇದಕ್ಕೆ ಅಂಟಿದ ಕೂಡಲೇ ಕೋಶದೊಳಗೆ ಸೂಪರ್ಆಕ್ಸೈಡ್ ಎಂಬ ಚುರುಕು ಕಣ ಹೆಚ್ಚಾಗುತ್ತದೆ. ಸೂಪರ್ಆಕ್ಸೈಡ್‌ಗೂ ನೈಟ್ರಿಕ್ ಆಕ್ಸೈಡ್‌ಗೂ ಭೇಟಿಯಾದರೆ ನೈಟ್ರಿಕ್ ಆಕ್ಸೈಡ್ ಅಲ್ಲೇ ಮುಗಿಯಿತು. ಎರಡೂ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಕಟುವಾದ ವಸ್ತು ಆಗುತ್ತದೆ. ಹಿಗ್ಗು ಎಂದು ಹೇಳಬೇಕಾದ ಸಂದೇಶ ಸ್ನಾಯುವನ್ನು ಮುಟ್ಟುವುದೇ ಇಲ್ಲ.

ಪೆರಾಕ್ಸಿನೈಟ್ರೈಟ್ ಅಷ್ಟಕ್ಕೇ ಬಿಡುವುದಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಬಿಎಚ್4 ಎಂಬ ಸಹಾಯಕ ಬೇಕು. ಅದನ್ನು ಇದು ಹಾಳುಮಾಡುತ್ತದೆ. ಸಹಾಯಕ ಇಲ್ಲದ ಕಿಣ್ವ ಸುಮ್ಮನೆ ನಿಂತಿದ್ದರೂ ಪರವಾಗಿರಲಿಲ್ಲ. ಅದು ನೈಟ್ರಿಕ್ ಆಕ್ಸೈಡ್ ಬದಲು ತಾನೇ ಸೂಪರ್ಆಕ್ಸೈಡ್ ತಯಾರಿಸಲು ಶುರುಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇದ ಹಾಗೆ. ಅಲ್ಲಿಂದ ಮುಂದೆ ದೋಷ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಮೂರನೆಯದೂ ಇದೆ. ಈ ಕಿಣ್ವ ಕೆಲಸ ಮಾಡಲು ಕೋಶದ ಹೊರಪೊರೆಯಲ್ಲಿ ಕೊಲೆಸ್ಟ್ರಾಲ್ ದಟ್ಟವಾಗಿರುವ ಸಣ್ಣ ಸಣ್ಣ ಗುಳಿಗಳಲ್ಲಿ ಕೂತಿರಬೇಕು. ಕಮಟಾದ ಎಲ್‌ಡಿಎಲ್ ಆ ಗುಳಿಗಳಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ, ಕಿಣ್ವ ಜಾಗ ಬಿಟ್ಟು ಒಳಗೆ ಸರಿಯುತ್ತದೆ. ಜೊತೆಗೆ ನಾಳವನ್ನು ಬಿಗಿಯುವ ಎಂಡೋಥೀಲಿನ್ ಹೆಚ್ಚಾಗುತ್ತದೆ, ಬಿಳಿರಕ್ತಕೋಶಗಳು ಅಂಟಿಕೊಳ್ಳಲು ಒಳಪದರ ಅಂಟಂಟಾಗುತ್ತದೆ.

ಬ್ರೇಕು ಒತ್ತಿದ ಹಾಗೇ ಇದೆ, ಆಕ್ಸಿಲರೇಟರ್ ಕೆಲಸ ಮಾಡುತ್ತಿಲ್ಲ. ರಸ್ತೆ ಮಾತ್ರ ಖಾಲಿ. ಆಂಜಿಯೋಗ್ರಾಂ ನೋಡುವುದು ರಸ್ತೆಯನ್ನು.

ಅದೂ ಪೂರ್ತಿ ರಸ್ತೆಯನ್ನಲ್ಲ. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದೇ ಇಲ್ಲ. ಹೃದಯಕ್ಕೆ ಎಷ್ಟು ರಕ್ತ ಬಿಡಬೇಕು ಎಂದು ತೀರ್ಮಾನಿಸುವುದು ಹೆಚ್ಚಾಗಿ ಅವೇ. ದೊಡ್ಡ ನಾಳದಲ್ಲೂ ಕೊಬ್ಬು ಸೇರಿದಾಗ ಗೋಡೆ ಮೊದಲು ಹೊರಕ್ಕೆ ಉಬ್ಬಿ ಒಳಜಾಗ ಉಳಿಸಿಕೊಳ್ಳುತ್ತದೆ. ಕೊಬ್ಬು ನಾಳದ ಅಳತೆಯ ಸುಮಾರು 40 ಪ್ರತಿಶತ ತುಂಬುವವರೆಗೂ ಹೀಗೇ ನಡೆಯುತ್ತದೆ ಎಂದು ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಆದ್ದರಿಂದ ‘ನಾರ್ಮಲ್’ ಎಂಬ ಪದವನ್ನು ‘ಒಳಜಾಗ ನಾರ್ಮಲ್’ ಎಂದಷ್ಟೇ ಓದಿಕೊಳ್ಳಿ.

ಎರಡು ಔಷಧ, ಎರಡು ಪ್ರಶ್ನೆ

ಒಳಪದರ ಕೆಟ್ಟಿದೆಯೋ ಸ್ನಾಯು ಕೆಟ್ಟಿದೆಯೋ ಎಂದು ಬೇರ್ಪಡಿಸುವ ಪರೀಕ್ಷೆ ಫರ್ಚ್‌ಗಾಟ್ ಕಂಡದ್ದನ್ನೇ ಆಧರಿಸಿದೆ. ಅಸೆಟೈಲ್‌ಕೋಲೀನ್ ಕೊಟ್ಟರೆ ಪ್ರಶ್ನೆ ಒಳಪದರಕ್ಕೆ. ಅದು ಚೆನ್ನಾಗಿದ್ದರೆ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳ ಹಿಗ್ಗುತ್ತದೆ. ಕೆಟ್ಟಿದ್ದರೆ ಔಷಧ ನೇರ ಸ್ನಾಯುವಿನ ಮೇಲೆ ಕೆಲಸ ಮಾಡಿ ನಾಳ ಬಿಗಿಯುತ್ತದೆ. ನೈಟ್ರೋಗ್ಲಿಸರಿನ್ ಕೊಟ್ಟರೆ ಪ್ರಶ್ನೆ ಸ್ನಾಯುವಿಗೆ, ಯಾಕೆಂದರೆ ಅದು ನೈಟ್ರಿಕ್ ಆಕ್ಸೈಡನ್ನು ಹೊರಗಿನಿಂದಲೇ ತಂದುಕೊಡುತ್ತದೆ. ಕೊಬ್ಬು ಹತ್ತಿದ ಕೊರೊನರಿ ನಾಳಗಳು, ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳಗಳು, ಅಸೆಟೈಲ್‌ಕೋಲೀನ್‌ಗೆ ಹಿಗ್ಗುವ ಬದಲು ಕುಗ್ಗುತ್ತವೆ ಎಂದು ಮನುಷ್ಯರಲ್ಲೇ ತೋರಿಸಿದ್ದು 1986ರಲ್ಲಿ.

ಆಂಜಿಯೋಗ್ರಾಂ ಮಾಡುವ ಕೋಣೆ, ಅಂದರೆ ಕ್ಯಾಥ್ ಲ್ಯಾಬಿನ ಪರದೆಯ ಮೇಲೆ ಇದು ಹೀಗೆ ಕಾಣುತ್ತದೆ. ಡೈ ಬಿಟ್ಟಾಗ ಎಡಮುಂಭಾಗದ ನಾಳ ನುಣುಪಾದ ಕಪ್ಪು ಗೆರೆ. ಕೊಂಕಿಲ್ಲ, ಕಚ್ಚಿಲ್ಲ. ಅಸೆಟೈಲ್‌ಕೋಲೀನ್ ನಿಧಾನವಾಗಿ ಒಳಗೆ ಹೋಗುತ್ತದೆ. ಮತ್ತೆ ಡೈ ಬಿಟ್ಟಾಗ ಅದೇ ಗೆರೆ ನಡುವಿನಿಂದ ಕೆಳಕ್ಕೆ ದಾರದಷ್ಟು ಸಣ್ಣ. ಇಸಿಜಿಯ ಗೆರೆ ಜರುಗುತ್ತದೆ. ಮೇಜಿನ ಮೇಲೆ ಮಲಗಿದವರು ‘ಇದೇ, ಇದೇ ನೋವು’ ಎನ್ನುತ್ತಾರೆ. ಆಮೇಲೆ ನೈಟ್ರೋಗ್ಲಿಸರಿನ್. ದಾರ ಮತ್ತೆ ದಪ್ಪ ಗೆರೆಯಾಗುತ್ತದೆ, ನೋವು ಇಳಿಯುತ್ತದೆ. ಎಷ್ಟೋ ದಿನ ‘ಏನಿಲ್ಲ’ ಎಂದು ಕೇಳಿಸಿಕೊಂಡವರಿಗೆ ಆ ಕ್ಷಣ ಎಷ್ಟು ದೊಡ್ಡದು ಎಂದು ಯೋಚಿಸಿ.

ಫಲಿತಾಂಶ ಓದುವುದು ಹೀಗೆ. ನೋವು ಬಂದು, ಇಸಿಜಿ ಬದಲಾಗಿ, ದೊಡ್ಡ ನಾಳ 90 ಪ್ರತಿಶತ ಅಥವಾ ಜಾಸ್ತಿ ಕುಗ್ಗಿದರೆ ದೊಡ್ಡ ನಾಳದ ಸೆಳೆತ. ನೋವು ಮತ್ತು ಇಸಿಜಿ ಬದಲಾವಣೆ ಬಂದರೂ ದೊಡ್ಡ ನಾಳ ಅಷ್ಟು ಕುಗ್ಗದಿದ್ದರೆ ಸಣ್ಣ ನಾಳಗಳ ಸೆಳೆತ. ನೋವಿಲ್ಲದೆ ಸ್ವಲ್ಪ ಮಟ್ಟಿಗೆ ಕುಗ್ಗಿ, ನೈಟ್ರೋಗ್ಲಿಸರಿನ್‌ಗೆ ಚೆನ್ನಾಗಿ ಹಿಗ್ಗಿದರೆ ಒಳಪದರ ಸೋತಿದೆ, ಸ್ನಾಯು ಗಟ್ಟಿಯಿದೆ. ಕಮಟಾದ ಎಲ್‌ಡಿಎಲ್‌ನ ಕೆಲಸ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ.

ಸಣ್ಣ ನಾಳಗಳಿಗೆ ಅಡೆನೊಸಿನ್ ಎಂಬ ನಾಳ ಹಿಗ್ಗಿಸುವ ಔಷಧ ಕೊಟ್ಟು ಹರಿವು ಎಷ್ಟು ಪಟ್ಟು ಏರಿತು ಎಂದು ಅಳೆಯುತ್ತಾರೆ. ಎರಡು ಪಟ್ಟಿಗಿಂತ ಕಡಿಮೆಯಾದರೆ ತೊಂದರೆ ಇದೆ. ಇದನ್ನು ತಂತಿ ತೂರಿಸದೆ ಪೆಟ್ ಸ್ಕ್ಯಾನ್‌ನಲ್ಲೂ ನೋಡಬಹುದು. ಆದರೆ ಇಲ್ಲೊಂದು ಎಚ್ಚರ: ಅಡೆನೊಸಿನ್ ಹೆಚ್ಚಾಗಿ ಸ್ನಾಯುವನ್ನೇ ಕೇಳುತ್ತದೆ. ಆ ಅಂಕಿ ಚೆನ್ನಾಗಿ ಬಂದ ಮಾತ್ರಕ್ಕೆ ಒಳಪದರ ಚೆನ್ನಾಗಿದೆ ಎಂದಾಗಲಿಲ್ಲ. ಅಸೆಟೈಲ್‌ಕೋಲೀನ್ ಪರೀಕ್ಷೆ ಎಲ್ಲ ಕಡೆ ಮಾಡುವುದಿಲ್ಲ. ‘ನಾಳದ ಕೆಲಸ ನೋಡುವ ಪರೀಕ್ಷೆ ನನಗೆ ಬೇಕಾ?’ ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ದಾರಿ ತಪ್ಪಿಸುವ ಸುಳಿವುಗಳು

ಎಲ್‌ಡಿಎಲ್ ‘ನಾರ್ಮಲ್’ ಇದೆ ಎಂಬುದು ಮೊದಲನೆಯದು. ಎಲ್‌ಡಿಎಲ್ ಅಂಕಿ ಹೇಳುವುದು ಗಾಡಿಯಲ್ಲಿರುವ ಸರಕಿನ ತೂಕ. ಗೋಡೆಗೆ ಸಿಕ್ಕಿಕೊಳ್ಳುವುದು ಗಾಡಿ. ಸಕ್ಕರೆ ಕಾಯಿಲೆ, ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಸರಕು ಕಡಿಮೆ ಕಂಡರೂ ಗಾಡಿಗಳು ಬಹಳ ಇರಬಹುದು. ಪ್ರತಿ ಗಾಡಿಗೂ ಒಂದೇ ಅಪೊಬಿ ಇರುವುದರಿಂದ ಅಪೊಬಿ ಪರೀಕ್ಷೆ ಮಾಡಿಸಿದರೆ ಲೆಕ್ಕ ಸಿಗುತ್ತದೆ. ಎಲ್‌ಡಿಎಲ್ ಅನ್ನೇ ಹೋಲುವ ಲಿಪೊಪ್ರೋಟೀನ್-ಎ ಎಂಬ ಕಣವನ್ನೂ ಜೀವನದಲ್ಲಿ ಒಮ್ಮೆ ನೋಡಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅದು ಹೆಚ್ಚಾಗಿ ಹುಟ್ಟಿನಿಂದ ಬರುವಂಥದ್ದು. ರಕ್ತದಲ್ಲಿರುವ ಆಕ್ಸಿಡೀಕರಣಗೊಂಡ ಫಾಸ್ಫೋಲಿಪಿಡ್‌ಗಳನ್ನು ಮುಖ್ಯವಾಗಿ ಹೊರುವುದೂ ಅದೇ.

ರಕ್ತದಲ್ಲಿ ‘ಆಕ್ಸಿಡೈಸ್ಡ್ ಎಲ್‌ಡಿಎಲ್’ ಅಳೆಯುವ ಪರೀಕ್ಷೆಗಳೂ ಇವೆ. ಅದರ ಹಿಂದೆ ಓಡಬೇಡಿ. ಒಂದೊಂದು ಕಿಟ್ ಒಂದೊಂದು ಬದಲಾವಣೆಯನ್ನು ಹಿಡಿಯುತ್ತದೆ. ಮುಖ್ಯ ಘಟನೆ ನಡೆಯುವುದು ಗೋಡೆಯೊಳಗೆ, ಸಿರಿಂಜಿಗೆ ಬರುವ ರಕ್ತದಲ್ಲಲ್ಲ. ಆ ಅಂಕಿ ನೋಡಿ ಬೇರೆ ಚಿಕಿತ್ಸೆ ಕೊಡುವಂತೆಯೂ ಇಲ್ಲ.

ಮೂರನೆಯದೇ ದೊಡ್ಡದು. ಆಕ್ಸಿಡೀಕರಣ ತೊಂದರೆಯಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತು ಎನ್ನುವುದು. ಕೇಳಲು ಎಷ್ಟು ಸರಿ ಅನಿಸುತ್ತದೆ! ಪರೀಕ್ಷಿಸಿ ನೋಡಿಯೂ ಆಗಿದೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ 20,536 ಜನರಿದ್ದರು. ಅವರಲ್ಲಿ ಅರ್ಧ ಜನರಿಗೆ ಐದು ವರ್ಷ ದಿನವೂ 600 ಮಿಲಿಗ್ರಾಂ ವಿಟಮಿನ್ ಇ, 250 ಮಿಲಿಗ್ರಾಂ ವಿಟಮಿನ್ ಸಿ, 20 ಮಿಲಿಗ್ರಾಂ ಬೀಟಾ ಕೆರೊಟಿನ್ ಕೊಟ್ಟರು. ಹೃದಯಕ್ಕೆ ಏನೂ ಉಪಯೋಗ ಆಗಲಿಲ್ಲ. ಅದೇ ಜನರಲ್ಲಿ, ಅದೇ ಅಧ್ಯಯನದಲ್ಲಿ, 40 ಮಿಲಿಗ್ರಾಂ ಸಿಮ್ವಾಸ್ಟಾಟಿನ್ (ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ) ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾದವು.

ನಾನು ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ. ಕಮಟಾಗುವುದನ್ನು ತಡೆಯಲು ಮೇಲಿನಿಂದ ಏನೋ ಸುರಿಯುವುದಕ್ಕಿಂತ, ಗೋಡೆಯಲ್ಲಿ ಸಿಕ್ಕಿಬೀಳುವ ಕಣಗಳನ್ನೇ ಕಡಿಮೆ ಮಾಡುವುದು ಕೆಲಸ ಮಾಡುತ್ತದೆ.

ದುರಸ್ತಿ

ಸಮಾಧಾನದ ಸಂಗತಿ ಏನೆಂದರೆ ಒಳಪದರ ಬೇಗ ಚೇತರಿಸಿಕೊಳ್ಳುತ್ತದೆ. ಬ್ಲಾಕ್ ಕರಗಲು ವರ್ಷಗಳು ಬೇಕು, ಕರಗಿದರೂ ಸ್ವಲ್ಪವೇ. ಕೆಲಸ ಮರಳಲು ಅಷ್ಟು ಕಾಯಬೇಕಿಲ್ಲ. ಯಂತ್ರದ ಮೂಲಕ ರಕ್ತದಿಂದ ಎಲ್‌ಡಿಎಲ್ ಸೋಸಿ ತೆಗೆದಾಗ ಒಂದೇ ಸಲಕ್ಕೆ ಮುಂದೋಳಿನ ನಾಳಗಳು ಅಸೆಟೈಲ್‌ಕೋಲೀನ್‌ಗೆ ಹೆಚ್ಚು ಹಿಗ್ಗಿದ್ದು 1997ರಲ್ಲಿ ವರದಿಯಾಯಿತು. ಮಾತ್ರೆಯಿಂದ ಕೊಲೆಸ್ಟ್ರಾಲ್ ಇಳಿಸಿದಾಗ ಕೊರೊನರಿ ನಾಳಗಳು ಆರು ತಿಂಗಳಿಂದ ವರ್ಷದೊಳಗೆ ಸುಧಾರಿಸಿದ್ದು 1995ರ ಅಧ್ಯಯನಗಳಲ್ಲಿ ಕಂಡಿದೆ.

ಆದ್ದರಿಂದ ಮೊದಲ ದುರಸ್ತಿ ಎಲ್‌ಡಿಎಲ್ ಇಳಿಸುವುದು, ಬಹುತೇಕರಿಗೆ ಸ್ಟಾಟಿನ್. ಎಷ್ಟು ಎನ್ನುವುದು ವೈದ್ಯರ ತೀರ್ಮಾನ. ಎರಡನೆಯದು ಸಿಗರೇಟು. ಅದರ ಹೊಗೆ ಸೂಪರ್ಆಕ್ಸೈಡ್‌ನಂಥ ಚುರುಕು ಕಣಗಳನ್ನು ನೇರ ತಂದು ಸುರಿಯುತ್ತದೆ. ಅದು ಇದ್ದಷ್ಟು ದಿನ ಉಳಿದ ದುರಸ್ತಿ ಅರ್ಧಂಬರ್ಧ. ಬಿಪಿ ಮತ್ತು ಸಕ್ಕರೆ ಹತೋಟಿಗೆ ಬರಬೇಕು. ನಡಿಗೆ, ಸೈಕಲ್, ಈಜು ಯಾವುದಾದರೂ ಸರಿ, ವೈದ್ಯರು ಹೂಂ ಎಂದ ಮೇಲೆ ದಿನವೂ ಮಾಡಿ. ರಕ್ತ ಜೋರಾಗಿ ಹರಿದು ಒಳಪದರವನ್ನು ಉಜ್ಜಿದಾಗಲೇ ಅದು ಹೆಚ್ಚು ಕಿಣ್ವ ತಯಾರಿಸಿಕೊಳ್ಳುತ್ತದೆ.

ನೋವಿಗೆ ಕೊಡುವ ಮಾತ್ರೆ ಪರೀಕ್ಷೆಯ ಫಲಿತಾಂಶಕ್ಕೆ ಹೊಂದಬೇಕು. ಸೆಳೆತ ಇರುವವರಿಗೆ ನಾಳದ ಸ್ನಾಯು ಸಡಿಲಿಸುವ ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಸರಿ, ಹೃದಯದ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಕೆಲವರಲ್ಲಿ ಸೆಳೆತ ಹೆಚ್ಚಿಸಬಹುದು. ಸೆಳೆತವಿಲ್ಲದೆ ಸಣ್ಣ ನಾಳ ಹಿಗ್ಗದವರಿಗೆ ಬೀಟಾ ಬ್ಲಾಕರ್ ಅನುಕೂಲವಾಗುತ್ತದೆ. ಎರಡಕ್ಕೂ ‘ಎದೆನೋವು’ ಎಂದು ಒಂದೇ ಹೆಸರಿಟ್ಟರೆ ಔಷಧ ತಪ್ಪುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ಶುರುಮಾಡಬೇಡಿ, ಥಟ್ಟನೆ ನಿಲ್ಲಿಸಲೂ ಬೇಡಿ.

ಸರಿಹೋಗುತ್ತಿದೆಯೇ ಎಂದು ನೋಡಲು ಎರಡು ಸಾಧನ ಸಾಕು. ಎಲ್‌ಡಿಎಲ್ ಇಳಿಸುವ ಮಾತ್ರೆ ಶುರುವಾದ 4ರಿಂದ 12 ವಾರಗಳಲ್ಲಿ ಮತ್ತೆ ರಕ್ತ ಪರೀಕ್ಷೆ. ಅದರ ಜೊತೆಗೆ ಒಂದು ಸಣ್ಣ ಪುಸ್ತಕ: ನೋವು ಯಾವಾಗ ಬಂತು, ಏನು ಮಾಡುತ್ತಿದ್ದಾಗ, ಎಷ್ಟು ನಿಮಿಷ, ನೈಟ್ರೋಗ್ಲಿಸರಿನ್‌ಗೆ ಇಳಿಯಿತೇ ಇಲ್ಲವೇ. ಮುಂಜಾನೆ ಮಲಗಿದ್ದಾಗ ಬರುವ ನೋವನ್ನೂ ಮೆಟ್ಟಿಲಿನ ಮೇಲೆ ಬರುವ ನೋವನ್ನೂ ಬೇರೆ ಬೇರೆ ಬರೆಯಿರಿ. ಮೊದಲನೆಯದು ಹೆಚ್ಚಾಗಿ ಸೆಳೆತದ ಕಡೆ, ಎರಡನೆಯದು ಹಿಗ್ಗದ ನಾಳದ ಕಡೆ ಕೈ ತೋರಿಸುತ್ತದೆ. ಆ ಪುಸ್ತಕವನ್ನು ಮುಂದಿನ ಸಲ ವೈದ್ಯರ ಮೇಜಿನ ಮೇಲೆ, ‘ನಾರ್ಮಲ್’ ಎಂದು ಬರೆದ ರಿಪೋರ್ಟಿನ ಪಕ್ಕದಲ್ಲೇ ಇಡಿ.